‘ದಯೆ’, ‘ಕನಿಕರ’, ‘ಅಂತಃಕರಣ’: ಜಾರ್ಜ್ ಮಾಡಿದ್ದಕ್ಕೆ ಯಾವ ಪದ?

ಜಾನ್ ಸ್ಟೈನ್‌ಬೆಕ್ 1937ರಲ್ಲಿ ಪ್ರಕಟಿಸಿದ ‘ಆಫ್ ಮೈಸ್ ಅಂಡ್ ಮೆನ್’ ಕಾದಂಬರಿಯ ಕೊನೆಯಲ್ಲಿ ಜಾರ್ಜ್, ಕ್ಯಾಲಿಫೋರ್ನಿಯಾದ ಸಲೀನಸ್ ನದಿಯ ದಂಡೆಯ ಮೇಲೆ, ಮಗುವಿನಂಥ ಮನಸ್ಸಿನ ತನ್ನ ಗೆಳೆಯ ಲೆನ್ನಿಯನ್ನು ತಾನೇ ಗುಂಡಿಟ್ಟು ಕೊಲ್ಲುತ್ತಾನೆ. ಲೆನ್ನಿಯ ಕೈಯಲ್ಲಿ ಅರಿಯದೆ ಸತ್ತವಳು ಅವರು ದುಡಿಯುವ ಜಮೀನಿನ ಮಾಲೀಕನ ಮಗ ಕರ್ಲಿಯ ಹೆಂಡತಿ; ಬೆನ್ನಟ್ಟಿ ಬರುತ್ತಿರುವ ಕರ್ಲಿಯ ಕೈಗೆ ಸಿಕ್ಕರೆ ಲೆನ್ನಿ ನರಳಿ ಸಾಯುತ್ತಾನೆಂದು ಜಾರ್ಜ್ ಬಲ್ಲ. ಈ ಕೊಲೆಯ ಹಿಂದಿರುವ ಭಾವಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂಬುದು ನನ್ನ ಪ್ರಶ್ನೆ.

‘ದಯಾಮರಣ’ ಒಗ್ಗುವುದಿಲ್ಲ. ‘ದಯಾಮರಣ ಕೋರಿ ರಾಷ್ಟ್ರಪತಿಗೆ ಪತ್ರ’ ಎಂದು ಪತ್ರಿಕೆಗಳು ಬರೆಯುವಾಗ ಸಾವನ್ನು ಬೇಡುವವರೊಬ್ಬರು ಇರುತ್ತಾರೆ. ಲೆನ್ನಿ ಬೇಡಿದ್ದು ತಾವಿಬ್ಬರೂ ಮುಂದೆ ಸ್ವಂತ ಜಮೀನಿನಲ್ಲಿ ಸಾಕಲಿರುವ ಮೊಲಗಳ ಕಥೆಯನ್ನು. ‘ಕನಿಕರ’ ತಗ್ಗಿನಲ್ಲಿರುವವರನ್ನು ಕಂಡು ಹುಟ್ಟುವಂಥದ್ದು. ‘ದಯೆ’ಯೂ ಇಂದಿನ ಬಳಕೆಯಲ್ಲಿ ‘ಅವನ ಮೇಲೆ ದಯೆ ತೋರಿದ’ ಎಂದು ‘ಮೇಲೆ’ಯನ್ನೇ ಕೇಳುತ್ತದೆ. ಬಸವಣ್ಣನವರ ವಚನದಲ್ಲಿ ದಯೆ ಇರಬೇಕಾದದ್ದು ‘ಪ್ರಾಣಿಗಳೆಲ್ಲರಲ್ಲಿ’; ಆ ಸಪ್ತಮಿಯಲ್ಲಿರುವ ಸಮಾನತೆ ನಮ್ಮ ‘ಮೇಲೆ’ಯಲ್ಲಿ ಕಳೆದುಹೋಗಿದೆಯೆಂದು ನನಗೆ ತೋರುತ್ತದೆ.

ಇದು ಸೂಕ್ಷ್ಮವನ್ನು ಹುಡುಕಿ ತೆಗೆದ ವಾದವಲ್ಲ, ಕಾದಂಬರಿಯೇ ಈ ಭೇದವನ್ನು ಮುಂದಿಡುತ್ತದೆ. ಅವರೊಡನೆ ದುಡಿಯುವ ಮುದುಕ ಕ್ಯಾಂಡಿಯ ನಾಯಿಯನ್ನು ಇನ್ನೊಬ್ಬ ಆಳು ಕಾರ್ಲ್‌ಸನ್ ಕೊಂದದ್ದು ಇದೇ ಪಿಸ್ತೂಲಿನಿಂದ, ಅದು ನರಳದಿರಲೆಂಬ ಇದೇ ಕಾರಣವನ್ನೂ ಹೇಳಿ. ಆದರೂ, ಪರಕೀಯನ ಕೈಗೆ ಬಿಡದೆ ತಾನೇ ಕೊಲ್ಲಬೇಕಿತ್ತೆಂದು ಕ್ಯಾಂಡಿ ಆಮೇಲೆ ಕೊರಗುತ್ತಾನೆ. ಕಾರ್ಲ್‌ಸನ್ನನದನ್ನು ದಯೆ ಎನ್ನಬಹುದು. ಜಾರ್ಜ್ ಲೆನ್ನಿಗೆ ಟೋಪಿ ತೆಗೆಯಲು ಹೇಳುತ್ತಾನೆ, ನದಿಯಾಚೆ ನೋಡುತ್ತಾ ಕೂರಿಸುತ್ತಾನೆ, ತಾವು ಕೊಳ್ಳಲಿರುವ ಜಮೀನು, ಹಸು, ಮೊಲಗಳಿಗೆ ಹಾಕುವ ಕುದುರೆಮೆಂತೆ ಎಲ್ಲವನ್ನೂ ವರ್ಣಿಸುತ್ತಾನೆ, ನಿನ್ನ ಮೇಲೆ ನನಗೆಂದೂ ಸಿಟ್ಟಿರಲಿಲ್ಲ ಎನ್ನುತ್ತಾನೆ; ನಡುಗುವ ಕೈ ಸ್ಥಿರವಾದ ಮೇಲೆಯೇ ಗುಂಡು ಹಾರಿಸುತ್ತಾನೆ. ಒಡನಾಟವಿಲ್ಲದವನಿಗೆ ಇದು ಸಾಧ್ಯವಿಲ್ಲ.

ಹಾಗಾಗಿ ನನಗೆ ಹೊಳೆದ ಪದ ‘ಅಂತಃಕರಣ’. ಸಂಸ್ಕೃತದಲ್ಲಿ ಮನಸ್ಸು, ಬುದ್ಧಿಗಳನ್ನು ಸೂಚಿಸುವ ಈ ಪದ ಕನ್ನಡದಲ್ಲಿ ಕರುಳಿನ ಮಮತೆಯನ್ನೂ ಸೂಚಿಸುತ್ತದೆ, ಅದರಲ್ಲಿ ಮೇಲು ಕೀಳಿಲ್ಲ.

ಕನಸಿನ ಮಾತೂ ಇದರೊಡನೆ ಬರುತ್ತದೆ. ಜಮೀನಿಗೆಂದು 350 ಡಾಲರ್ ಮುಂದಿಟ್ಟ ಕ್ಯಾಂಡಿಯ ಕನಸು ‘ನುಚ್ಚುನೂರಾಯಿತು’ ಎಂದರೆ ಸರಿ. ಇದು ಕೈಗೂಡದೆಂದು ಮೊದಲಿನಿಂದಲೂ ತನಗೆ ಗೊತ್ತಿತ್ತೇನೋ ಎನ್ನುವ ಜಾರ್ಜನದಕ್ಕೆ ‘ಕಮರಿತು’ ಎಂಬುದೇ ಹೊಂದುತ್ತದೆ.

ಉಳಿದ ತೊಡಕು ಒಂದೇ. ಅಂತಃಕರಣವು ಸ್ವಭಾವವನ್ನು ಹೇಳುವ ಪದ. ‘ಅಂತಃಕರಣದಿಂದ ಕೊಂದ’ ಎಂಬ ವಾಕ್ಯ ನಿಮ್ಮ ಕಿವಿಗೆ ಒರಟಾಗಿ ಕೇಳುತ್ತದೆಯೇ? ಇಂಥ ಕಠಿಣ ಕ್ರಿಯಾಪದದೊಡನೆ ಅದನ್ನು ಬಳಸಿರುವುದನ್ನು ಹಳೆಯ ಬರಹಗಳಲ್ಲಾಗಲಿ ನಿಮ್ಮ ಸೀಮೆಯ ಮಾತಿನಲ್ಲಾಗಲಿ ಕಂಡವರು ದಯವಿಟ್ಟು ಉದಾಹರಣೆ ಸಹಿತ ತಿಳಿಸಬೇಕೆಂದು ಕೋರುತ್ತೇನೆ.