ಹಳೆ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದೆ, ಎಸ್‌ಎಸ್‌ಡಿ ಹಾಕಿಸಿದವರು ಹೇಳಿ

ವಿದ್ಯಾನಗರ, ಹುಬ್ಬಳ್ಳಿಯಿಂದ ಪ್ರಶ್ನೆ:
ಮನೆಯ ಕಂಪ್ಯೂಟರ್ 2014ರದ್ದು, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10 ಶುರುವಾಗಲು ಏಳೆಂಟು ನಿಮಿಷ ಬೇಕು. ಈ ವಾರದಿಂದ ಒಳಗೆ ಟಕ್ ಟಕ್ ಸದ್ದು ಬೇರೆ. ಅಪ್ಪಾಜಿ ನುಡಿಯಲ್ಲಿ (ಕನ್ನಡ ಟೈಪ್ ಮಾಡುವ ತಂತ್ರಾಂಶ) ಬರೆದಿಟ್ಟ ಫೈಲ್‌ಗಳೆಲ್ಲ ಅದರಲ್ಲೇ ಇವೆ. ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇರೋದನ್ನೆಲ್ಲ ಹಾಗೇ ನಕಲಿಸಿ ಕ್ಲೋನ್ ಮಾಡೋದಾ, ಹೊಸದಾಗಿ ವಿಂಡೋಸ್ ಹಾಕೋದಾ?

ಧಾರವಾಡದಿಂದ:
ಅಣ್ಣಾರ, ಮೊದಲು ಕಂಪ್ಯೂಟರ್ ಬಂದ್ ಮಾಡಿ. ಆ ಸದ್ದು ಕೇಳಿಯೂ ನಾನು ಎರಡು ವಾರ ಸುಮ್ನೆ ಇದ್ದೆ. ಮಗಳ ನಾಮಕರಣದ ಫೋಟೋಗಳಲ್ಲಿ ಅರ್ಧ ಹೋದವು, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಒಳಗೆ ತಿರುಗುವ ತಟ್ಟೆಯ ಮೇಲೆ ಓದುವ ಹೆಡ್ ತನ್ನ ಜಾಗ ಸಿಗದೆ ಹಿಂದೆ ಮುಂದೆ ಹೊಡೆದಾಡುವ ಸದ್ದು ಅದು. ಓಡಿಸಿದಷ್ಟೂ ಕೆಡುತ್ತದೆ.

ಡಿಸ್ಕ್ ಬಿಚ್ಚಿ, ಬೇರೆ ಕಂಪ್ಯೂಟರಿಗೆ ಯುಎಸ್‌ಬಿ ಅಡಾಪ್ಟರ್‌ನಿಂದ ಜೋಡಿಸಿ. ಡೆಸ್ಕ್‌ಟಾಪಿನ ದೊಡ್ಡ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು. ಹಾಗಾಗಿ ಪ್ರತ್ಯೇಕ ಪವರ್ ಪ್ಲಗ್ ಇರುವ ಅಡಾಪ್ಟರ್ ಕೇಳಿ ತನ್ನಿ, ಬರೀ ಯುಎಸ್‌ಬಿ ವೈರ್ ಸಾಲದು. ಮತ್ತೆ ಸಿಗದ ಫೈಲ್‌ಗಳನ್ನು ಮೊದಲು ತೆಗೆಯಿರಿ, ಅಂದರೆ ಅಪ್ಪಾಜಿಯವರ ಬರಹ, ಆಮೇಲೆ ಫೋಟೋ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ, ಮರೀಬೇಡಿ. ವಿಂಡೋಸ್ ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ಕೆಲಸ) ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ. ಡಿಸ್ಕ್ ಕಾಣಿಸಲೇ ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ, ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ.

ಡಿಸ್ಕ್ ಗಟ್ಟಿ ಇದ್ದು ಬರೀ ನಿಧಾನ ಆಗಿದ್ದರೆ ಕ್ಲೋನ್ ಸರಿ. ನಿಮ್ಮದಕ್ಕೆ ಹೊಸದಾಗಿ ಹಾಕುವುದೇ ಒಳ್ಳೇದು. ಹಾಕುವಾಗ ಹಳೆ ಡಿಸ್ಕಿನ ವೈರ್ ಕಿತ್ತಿಡಿ. ನಾನು ಎರಡನ್ನೂ ಜೋಡಿಸಿಯೇ ಹಾಕಿದ್ದೆ. ವಿಂಡೋಸ್ ಶುರುವಾಗಲು ಬೇಕಾದ ಬೂಟ್ ಫೈಲ್‌ಗಳು ಹಳೆಯದರಲ್ಲಿ ಹೋಗಿ ಕೂತವು. ಅದನ್ನು ತೆಗೆದ ದಿನ ಹೊಸದು ಏಳಲೇ ಇಲ್ಲ, ಇಡೀ ಭಾನುವಾರ ಹೋಯಿತು.

ಮದರ್‌ಬೋರ್ಡ್ ಅದೇ ಇದ್ದು, ಮೊದಲು ಡಿಜಿಟಲ್ ಲೈಸೆನ್ಸ್‌ನಿಂದ (ಮೈಕ್ರೋಸಾಫ್ಟ್ ಬಳಿ ಆ ಯಂತ್ರದ ಹೆಸರಲ್ಲಿ ದಾಖಲಾದ ಪರವಾನಗಿ) ಆಕ್ಟಿವೇಟ್ ಆಗಿದ್ದ ವಿಂಡೋಸ್ ಆವೃತ್ತಿಯನ್ನೇ ಹಾಕಿದರೆ ಸಾಮಾನ್ಯವಾಗಿ ಮತ್ತೆ ಪ್ರಾಡಕ್ಟ್ ಕೀ ಬೇಕಾಗಲ್ಲ.

ಬೆಟಗೇರಿ, ಗದಗದಿಂದ:
ನುಡಿ ಬಗ್ಗೆ ಒಂದು ಮಾತು, ಇದನ್ನು ಯಾರೂ ಹೇಳಲ್ಲ. ಹಳೆ ನುಡಿ ಫೈಲ್‌ಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ನಮ್ಮ ಮಾವನವರು ಫೈಲೇ ಕೆಟ್ಟಿತು ಅಂತ ಅಳುವುದೊಂದು ಬಾಕಿ. ಫೈಲ್ ಸರಿಯಾಗೇ ಇತ್ತು. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ ಫಾಂಟ್ಸ್ ಇದೆಯಲ್ವಾ, ಅದರಲ್ಲಿ ನುಡಿ ಹೆಸರಿನವನ್ನೆಲ್ಲ ಕಾಪಿ ಮಾಡಿಕೊಳ್ಳಿ.

ಹಾವೇರಿಯಿಂದ:
ಹೊಸ ಕಂಪ್ಯೂಟರ್ ತಗೊಳ್ಳಿ ಅಂತ ಅಂಗಡಿಯವರು ಹೇಳಿದರೆ ಅವಸರ ಬೇಡ. ನಮ್ಮದು 2013ರದ್ದು, ಎಸ್‌ಎಸ್‌ಡಿ ಹಾಕಿದ ಮೇಲೆ ಅರ್ಧ ನಿಮಿಷದೊಳಗೆ ಶುರುವಾಗುತ್ತದೆ. ಆದರೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ (ಸುರಕ್ಷತಾ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 2014ರ ಯಂತ್ರ ವಿಂಡೋಸ್ 11ರ ಷರತ್ತಿಗೆ ಹೊಂದಲ್ಲ. ನಾವು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡೆವು. ಅಪ್ಪಾಜಿಗೆ ನುಡಿಯೇ ಬೇಕು ಅಂದರೆ ವಿಂಡೋಸ್ ಇಟ್ಟುಕೊಂಡು, ಬ್ಯಾಂಕಿನ ಕೆಲಸ ಅದರಲ್ಲಿ ಮಾಡಬೇಡಿ.

ವಿದ್ಯಾನಗರದಿಂದ ಮತ್ತೆ:
ಅಡಾಪ್ಟರ್ ತಂದೆ. ಬರಹವೆಲ್ಲ ಬಂತು, ಫಾಂಟೂ ಬಂತು. ಫೋಟೋ ಫೋಲ್ಡರ್ ಒಂದು ಮಾತ್ರ ಮಧ್ಯದಲ್ಲಿ ನಿಂತಿದೆ. ಬಂದ್ ಮಾಡಿಟ್ಟಿದ್ದೇನೆ, ನಾಳೆ ರಿಕವರಿಯವರಿಗೆ ತೋರಿಸುತ್ತೇನೆ.