ಹಚ್ಚಿದ್ರೆ ಎರಡೇ ದಿನಕ್ಕೆ ಮಾಯ, ಬಿಟ್ರೆ ಡಬಲ್ ಆಗಿ ವಾಪಸ್. ಏನ್ ತುರಿಕೆ ಇದು?

ಸಾಕಾಯ್ತಪ್ಪ:
ಸ್ವಲ್ಪ ಮುಜುಗರದ ವಿಷ್ಯ, ಆದ್ರೂ ಕೇಳ್ಬಿಡ್ತೀನಿ. ಮೂರು ತಿಂಗಳ ಹಿಂದೆ ತೊಡೆಸಂದಿಲಿ ಬಟನ್ ಅಗಲ ಕೆಂಪಗಾಗಿ ತುರಿಕೆ ಶುರುವಾಯ್ತು, ಫ್ರೆಂಡ್ ಒಬ್ಬ ತಾನು ಹಚ್ತಿದ್ದ ಟ್ಯೂಬೇ ಕೊಟ್ಟ, ಎರಡೇ ದಿನಕ್ಕೆ ಮಾಯ, ಬಿಟ್ಟು ವಾರ ಆಗೋದ್ರೊಳಗೆ ವಾಪಸ್, ಅದೂ ಅಂಗೈ ಅಗಲ. ಹಿಂಗೇ ನಾಕೈದ್ ಸಲ ಆಯ್ತು. ಈಗ ಸೊಂಟದ ಹತ್ರನೂ ಬಂದಿದೆ. ಅಮ್ಮ ಗಜಕರ್ಣ ಅಂತಾರೆ, ಆದ್ರೆ ಅದು ಉಂಗುರದ ತರ ಇರತ್ತಲ್ವಾ, ನಂದು ಹಂಗಿಲ್ಲ, ಎಲ್ಲಾ ಕಲಸಿಕೊಂಡಂಗಿದೆ. ರಕ್ತ ಕೆಟ್ಟಿದೆ ಅಂತ ಇನ್ನೊಬ್ರು. ರಾತ್ರಿ ನಿದ್ದೆ ಇಲ್ಲ.

ಮಳೆಹುಳ:
ಟ್ಯೂಬ್ ಮೇಲಿನ ಸಣ್ಣಕ್ಷರ ಓದಿ ಹೇಳಿ. ಕ್ಲೋಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್, ಇವ್ರಲ್ಲಿ ಯಾರಾದ್ರೂ ಇದಾರಾ?

ಸಾಕಾಯ್ತಪ್ಪ:
ಇದಾರೆ, ಕ್ಲೋಬೆಟಸಾಲ್. ಜೊತೆಗೆ ಮೈಕೋನಜೋಲ್, ನಿಯೋಮೈಸಿನ್. ಮೈಕೋನಜೋಲ್ ಫಂಗಸ್ ಔಷಧಿನೇ ತಾನೆ, ಮತ್ಯಾಕೆ ಹೋಗ್ತಿಲ್ಲ?

ಮಳೆಹುಳ:
ಅಲ್ಲೇ ಇರೋದು ಮಜಾ. ಕ್ಲೋಬೆಟಸಾಲ್ ಅಂದ್ರೆ ಹಚ್ಚೋ ಸ್ಟೀರಾಯ್ಡ್‌ಗಳಲ್ಲೇ ತುಂಬಾ ಸ್ಟ್ರಾಂಗ್ ಗುಂಪಿಂದು. ಕೆಂಪು, ತುರಿಕೆ ಇವೆಲ್ಲ ಫಂಗಸ್ ಜೊತೆ ನಿಮ್ ಮೈ ಜಗಳ ಆಡ್ತಿರೋ ಗುರುತು, ಸ್ಟೀರಾಯ್ಡ್ ಹೋಗಿ ಆ ಜಗಳಾನೇ ನಿಲ್ಲಿಸತ್ತೆ, ನಿಮಗೆ ವಾಸಿ ಆಯ್ತು ಅನ್ಸತ್ತೆ, ಫಂಗಸ್‌ಗೆ ಹಬ್ಬ. ಉಂಗುರದ ಆಕಾರ ಅಳಿಸಿ ಹೋಗಿರೋದೂ ಅದಕ್ಕೇ ಇರ್ಬಹುದು, ಇದಕ್ಕೆ ಡಾಕ್ಟರ್‌ಗಳು ಟಿನಿಯಾ ಇನ್‌ಕಾಗ್ನಿಟೋ ಅಂತಾನೇ ಹೆಸರಿಟ್ಟಿದಾರೆ, ವೇಷ ಮರೆಸಿಕೊಂಡ ಗಜಕರ್ಣ. ರಕ್ತಕ್ಕೂ ಇದಕ್ಕೂ ಸಂಬಂಧ ಇಲ್ಲ. ಹುಳನೂ ಅಲ್ಲ, ಚರ್ಮದ ಮೇಲ್ಪದರ ತಿಂದು ಬದುಕೋ ಫಂಗಸ್ ಅಷ್ಟೆ.

ಗಟ್ಟಿಗ:
ಆಂಟಿಸೆಪ್ಟಿಕ್ ಲಿಕ್ವಿಡ್ ನೀರು ಬೆರೆಸದೆ ಹಚ್ಚಿ ಗುರು, ಉರಿಯತ್ತೆ ಆದ್ರೆ ಹೋಗತ್ತೆ

ಅನುಭವಸ್ಥೆ:
ದಯವಿಟ್ಟು ಅದನ್ನ ಮಾತ್ರ ಮಾಡ್ಬೇಡಿ, ನಾನು ಮಾಡಿ ಚರ್ಮ ಸುಟ್ಕೊಂಡಿದೀನಿ, ಗಜಕರ್ಣದ ಮೇಲೆ ಸುಟ್ಟ ಗಾಯ ಬೇರೆ. ಸ್ಟೀರಾಯ್ಡ್ ನಿಲ್ಲಿಸಿದಾಗ ಮೊದಲ ಕೆಲವು ದಿನ ತುರಿಕೆ ಜಾಸ್ತಿನೇ ಆಗತ್ತೆ, ಹೆದ್ರಿ ವಾಪಸ್ ಅದೇ ಟ್ಯೂಬಿಗೆ ಕೈ ಹಾಕ್ಬೇಡಿ. ಸಂದಿಲಿ ಚರ್ಮ ತೆಳ್ಳಗಿರತ್ತೆ, ಅಲ್ಲಿ ತಿಂಗಳುಗಟ್ಲೆ ಹಚ್ಚಿದ್ರೆ ಬಸುರಿ ಹೊಟ್ಟೆ ಮೇಲೆ ಬರೋ ತರ ಗೆರೆ ಬೀಳತ್ತೆ. ನನಗೆ ಬಿದ್ದಿದೆ, ಬಣ್ಣ ಮಾಸಿದೆ, ಗೆರೆ ಹೋಗಿಲ್ಲ.

ಮೂರು ತಿಂಗಳಾಗಿ ಹರಡಿರೋದ್ರಿಂದ ಸ್ಕಿನ್ ಡಾಕ್ಟರ್ ಹತ್ರ ಹೋಗಿ, ಟ್ಯೂಬ್ ತಗೊಂಡೇ ಹೋಗಿ, ಮುಚ್ಚಿಡ್ಬೇಡಿ. ಮಾತ್ರೆ ಬೇಕಾಗ್ಬಹುದು. ಬರೀ ಫಂಗಸ್ ಕ್ರೀಮ್ ಕೊಟ್ರೆ ಕಲೆ ಮೇಲಷ್ಟೇ ಅಲ್ಲ, ಅಂಚಿನಿಂದಾಚೆ ಎರಡು ಸೆಂಟಿಮೀಟರ್ ತನಕ ಹಚ್ಬೇಕು, ಯಾಕಂದ್ರೆ ಫಂಗಸ್ ಅಂಚಲ್ಲೇ ಮುಂದೆ ಹೋಗ್ತಿರತ್ತೆ. ಹೋಯ್ತು ಅಂತ ಕಂಡ್ಮೇಲೂ ಅವ್ರು ಹೇಳಿದಷ್ಟು ದಿನ ಹಚ್ಚಿ, ಎಲ್ರೂ ಎಡವೋದು ಇಲ್ಲೇ. ಟವೆಲ್ ಬೇರೆ, ಒಳಬಟ್ಟೆ ದಿನಾ ಬದಲಿಸಿ, ಸ್ನಾನ ಆದ್ಮೇಲೆ ಸಂದಿ ಪೂರ್ತಿ ಒಣಗಿಸಿ. ಕಾಲ್ಬೆರಳ ಸಂದಿನೂ ನೋಡ್ಕೊಳಿ, ಎಷ್ಟೋ ಜನಕ್ಕೆ ಫಂಗಸ್ ಪಾದದಿಂದಾನೇ ಮೇಲೆ ಬಂದಿರತ್ತೆ.

ಮಳೆಹುಳ:
ಒಂದು ಬಿಟ್ಟೋಯ್ತು, ಕೈಬೆರಳ ಸಂದಿ, ಮಣಿಕಟ್ಟಲ್ಲಿ ರಾತ್ರಿ ಹೊತ್ತು ಜಾಸ್ತಿ ತುರಿಕೆ, ಮನೇಲಿ ಬೇರೆಯವ್ರಿಗೂ ಇದೆ ಅಂದ್ರೆ ಅದು ಕಜ್ಜಿ ಇರ್ಬಹುದು. ಅದು ಹುಳದ್ದು, ಟ್ರೀಟ್‌ಮೆಂಟೇ ಬೇರೆ.

ಸಾಕಾಯ್ತಪ್ಪ:
ಅಪ್‌ಡೇಟ್. ಹೋಗಿದ್ದೆ. ಸಿಪ್ಪೆ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿದ್ರು, ಫಂಗಸ್ಸೇ. ಮಾತ್ರೆ, ಕ್ರೀಮ್ ಎರಡೂ ಕೊಟ್ಟಿದಾರೆ, ಮೊದಲ ನಾಕು ದಿನ ನರಕ, ಈಗ ಪರವಾಗಿಲ್ಲ. ಮನೇಲಿ ಬೇರೆ ಯಾರಿಗಾದ್ರೂ ಇದ್ಯಾ ಅಂತ ಕೇಳಿದ್ರು, ಬಂದು ವಿಚಾರಿಸಿದ್ರೆ ತಮ್ಮನಿಗೂ ಇದೆ, ಅವ್ನು ಕದ್ದು ನನ್ ಟ್ಯೂಬೇ ಹಚ್ತಿದ್ನಂತೆ.