ಐಚ್ಛಿಕ ಇಂಗ್ಲಿಷ್ ಬಿಎ ಮುಗಿಯುತ್ತಿದೆ: ಬಿ.ಎಡ್, ಎಂಎ, ಕೆಲಸ... ಯಾವುದು ಮೊದಲು?

ತುಮಕೂರು_ಓದುಗ:
ಬಿಎ ಕೊನೆಯ ಸೆಮಿಸ್ಟರ್. ಐಚ್ಛಿಕ ಇಂಗ್ಲಿಷ್ ಮತ್ತು ಇತಿಹಾಸ. ಪಿಯುಸಿವರೆಗೂ ಕನ್ನಡ ಮಾಧ್ಯಮ. ಇಲ್ಲಿಯವರೆಗೆ ಶೇ 58 ಬಂದಿದೆ. ಮನೆಯಲ್ಲಿ ಬಿ.ಎಡ್ ಮಾಡು ಅಂತಾರೆ, ಕಾಲೇಜಿನಲ್ಲಿ ಎಂಎ ಅಂತಾರೆ. ಎರಡು ವರ್ಷ ಕಳೆದ ಮೇಲೆ "ಇದಲ್ಲ, ಅದು ಬೇಕಿತ್ತು" ಅನ್ನೋ ಹಾಗಾಗಬಾರದು. ಯಾವ ಕೆಲಸಕ್ಕೆ ನಿಜಕ್ಕೂ ಏನು ಕೇಳುತ್ತಾರೆ? ಅನುವಾದ, ಟೆಕ್ನಿಕಲ್ ರೈಟಿಂಗ್ (ಬಳಕೆಯ ಕೈಪಿಡಿ ಬರೆಯುವ ಕೆಲಸ) ಬಗ್ಗೆ ಗೊತ್ತಿದ್ದವರೂ ದಯವಿಟ್ಟು ಬರೆಯಿರಿ.

ಕಪ್ಪುಹಲಗೆ:
ಪಾಠ ಮಾಡುವ ಕೆಲಸ ಅಂದರೆ ಒಂದೇ ಅಲ್ಲ. ಯಾವ ತರಗತಿ ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಗೊಂದಲ ಅರ್ಧ ಕಡಿಮೆಯಾಗುತ್ತೆ.

ಸರ್ಕಾರಿ ಶಾಲೆಯ 6ರಿಂದ 8ನೇ ತರಗತಿಗೆ ಪದವಿ, ಬಿ.ಎಡ್, ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ. ಪ್ರೌಢಶಾಲೆಗೆ ಪದವಿ ಮತ್ತು ಬಿ.ಎಡ್. ಪಿಯು ಉಪನ್ಯಾಸಕರಾಗಲು ಶೇ 55ರ ಎಂಎ ಮತ್ತು ಬಿ.ಎಡ್ ಎರಡೂ ಬೇಕು. ಹೆಚ್ಚು ಜನ ಎಡವುವುದು ಇಲ್ಲೇ: ಎಂಎ ಮುಗಿಸಿ ಅರ್ಜಿ ಹಾಕಲು ಹೋದಾಗ ಬಿ.ಎಡ್ ಇಲ್ಲ ಅಂತ ಗೊತ್ತಾಗುತ್ತೆ. ಪದವಿ ಕಾಲೇಜಿಗೆ ಬಿ.ಎಡ್ ಬೇಡ, ಶೇ 55ರ ಎಂಎ ಜೊತೆ ನೆಟ್ ಅಥವಾ ಕೆ-ಸೆಟ್ ಬೇಕು. ಎರಡೂ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳೇ: ಕೆ-ಸೆಟ್ ನಮ್ಮ ರಾಜ್ಯದೊಳಗೆ ಮಾತ್ರ ಮಾನ್ಯ, ನೆಟ್ ದೇಶಕ್ಕೆಲ್ಲ.

ಟಿಇಟಿ ಎರಡನೇ ಪತ್ರಿಕೆ 150 ಅಂಕದ್ದು. ಅದರಲ್ಲಿ ಎರಡು ಭಾಷೆಗಳಿಗೆ ತಲಾ 30, ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30, ಉಳಿದ 60 ಅಂಕ ಸಮಾಜ ವಿಜ್ಞಾನ ಅಥವಾ ಗಣಿತ-ವಿಜ್ಞಾನಕ್ಕೆ. ಇಂಗ್ಲಿಷ್ ಓದಿದವರು ಆ 60ರಲ್ಲೇ ಕಳೆದುಕೊಳ್ಳುತ್ತಾರೆ. ನಿಮಗೆ ಇತಿಹಾಸ ಇದೆ, ಅದು ದೊಡ್ಡ ಬಲ. ಭೂಗೋಳ, ಪೌರನೀತಿಗೆ 6ರಿಂದ 10ರವರೆಗಿನ ಪಠ್ಯಪುಸ್ತಕಗಳನ್ನೇ ಓದಿ.

ನೆಟ್‌ನಲ್ಲಿ ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಒಟ್ಟು ಮೂರು ಗಂಟೆ. ತಪ್ಪಿಗೆ ಅಂಕ ಕಡಿತವಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಎಂಎ ಕೊನೆಯ ವರ್ಷದಲ್ಲೇ ಬರೆಯಬಹುದು. ಕವಿತೆ, ನಾಟಕ, ಕಾದಂಬರಿ ಓದಿಕೊಂಡು ಹೋಗುವವರು ಭಾಷಾಬೋಧನೆ, ಭಾರತದಲ್ಲಿ ಇಂಗ್ಲಿಷಿನ ಚರಿತ್ರೆ, ಸಂಶೋಧನಾ ವಿಧಾನ ಈ ಘಟಕಗಳನ್ನು ಮುಟ್ಟುವುದೇ ಇಲ್ಲ. ಕೃತಿಗಳನ್ನು ಪ್ರಕಟವಾದ ಕ್ರಮದಲ್ಲಿ ಜೋಡಿಸುವ ಪ್ರಶ್ನೆಗಳೂ ಬರುತ್ತವೆ. ಅದಕ್ಕೆ ಇಸವಿಗಳ ಪಟ್ಟಿಯೊಂದನ್ನು ಕೈಯಲ್ಲೇ ಬರೆದಿಟ್ಟುಕೊಳ್ಳಿ.

ಪದಗಣಕ:
ಅನುವಾದದಲ್ಲಿ ಪ್ರಮಾಣಪತ್ರಕ್ಕಿಂತ ಪರೀಕ್ಷಾ ಅನುವಾದಕ್ಕೆ ತೂಕ ಜಾಸ್ತಿ. ಒಂದೆರಡು ಪುಟ ಕೊಟ್ಟು ಮಾಡಿಸಿ ನೋಡುತ್ತಾರೆ. 'ಯುವರ್ ರಿಕ್ವೆಸ್ಟ್ ಹ್ಯಾಸ್ ಬೀನ್ ರಿಸೀವ್ಡ್' ಅನ್ನೋದಕ್ಕೆ "ನಿಮ್ಮ ವಿನಂತಿಯು ಸ್ವೀಕರಿಸಲ್ಪಟ್ಟಿದೆ" ಅಂತ ಬರೆದರೆ ಅಲ್ಲೇ ಬಿದ್ದಿರಿ. "ನಿಮ್ಮ ಕೋರಿಕೆ ತಲುಪಿದೆ" ಅಂದರೆ ಸಾಕು. ಕನ್ನಡ ಮಾಧ್ಯಮದಲ್ಲಿ ಓದಿದ್ದು ಇಲ್ಲಿ ಕೊರತೆಯಲ್ಲ, ಬಂಡವಾಳ.

ದರ ಮಾತಾಡುವಾಗ ಪದ ಎಣಿಸುವುದು ಮೂಲದಲ್ಲೋ ಅನುವಾದದಲ್ಲೋ ಅಂತ ಮೊದಲೇ ಬರಹದಲ್ಲಿ ಖಚಿತ ಮಾಡಿಕೊಳ್ಳಿ. 'ಇನ್ ದ ಹೌಸ್' ಮೂರು ಪದ, "ಮನೆಯಲ್ಲಿ" ಒಂದೇ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಕನ್ನಡ ಪದ ಎಣಿಸಿದರೆ ನಿಮಗೇ ನಷ್ಟ. ಕನ್ನಡದಿಂದ ಇಂಗ್ಲಿಷಿಗಾದರೆ ಲೆಕ್ಕ ತಿರುಗುಮುರುಗು.

ಇನ್ನೊಂದು, ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಮಾಡಿದ ಕಡತ ಆ ಫಾಂಟ್ ಇಲ್ಲದ ಕಡೆ ತೆರೆದರೆ ಗೊಜಲು ಗೊಜಲಾಗಿ ಕಾಣುತ್ತೆ. ಪರಿವರ್ತಕ ಇದೆ, ಆದರೆ ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಲೇಬೇಕು. ಒಮೆಗಾಟಿ ಅನ್ನೋ ಉಚಿತ ತಂತ್ರಾಂಶದಲ್ಲಿ ಅನುವಾದ ಸ್ಮೃತಿ ಬಳಸುವುದನ್ನೂ ಕಲಿಯಿರಿ. ಹಿಂದೆ ಮಾಡಿದ ವಾಕ್ಯ ಮತ್ತೆ ಬಂದಾಗ ಅದೇ ತೋರಿಸುತ್ತೆ.

ಒಂದು ಮಾತು ಬಿಚ್ಚಿ ಹೇಳಬೇಕು: ಸಾಮಾನ್ಯ ಪಠ್ಯವನ್ನು ಈಗ ಯಂತ್ರವೇ ಅನುವಾದಿಸುತ್ತೆ, ಮನುಷ್ಯರಿಗೆ ತಿದ್ದುವ ಕೆಲಸ ಬರುತ್ತೆ, ಅದಕ್ಕೆ ದರ ಕಡಿಮೆ. ಕಾನೂನು, ವೈದ್ಯಕೀಯ, ಕೃಷಿ ಇವುಗಳಲ್ಲಿ ಒಂದರ ಪರಿಭಾಷೆ ಕೈವಶವಾದರೆ ಮಾತ್ರ ಇದನ್ನೇ ನಂಬಿಕೊಂಡು ಬದುಕಬಹುದು.

ಕೈಪಿಡಿ:
ಟೆಕ್ನಿಕಲ್ ರೈಟಿಂಗ್‌ಗೆ ಮೂರು ಮಾದರಿ ಬರಹ ಬೇಕು. ಮೊದಲನೆಯದಕ್ಕೆ ನಾಡಕಚೇರಿ ಜಾಲತಾಣದಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಬಗೆಯನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಒಂದು ಹಂತಕ್ಕೆ ಒಂದೇ ಕ್ರಿಯೆ. ಎಚ್ಚರಿಕೆ ಆ ಹಂತಕ್ಕಿಂತ ಮುಂಚೆ ಬರಬೇಕು: ಗುಂಡಿ ಒತ್ತಿದ ಮೇಲೆ "ಒತ್ತುವ ಮೊದಲು ಹೆಸರು ಪರಿಶೀಲಿಸಿ" ಅಂತ ಓದಿ ಏನು ಪ್ರಯೋಜನ?

ಸಾಹಿತ್ಯ ಓದಿದವರ ಕೈ ಜಾರುವುದು ಪದಗಳ ವಿಷಯದಲ್ಲಿ. ತರಗತಿಯಲ್ಲಿ ಪದ ಮರುಕಳಿಸಬಾರದು ಅಂತ ಕಲಿತಿರುತ್ತೀರಿ. ಇಲ್ಲಿ ಒಂದು ವಸ್ತುವಿಗೆ ಒಂದೇ ಹೆಸರು. ಮೊದಲು 'ಫಾರ್ಮ್' ಅಂದು ಆಮೇಲೆ 'ಅಪ್ಲಿಕೇಶನ್' ಅಂದರೆ ಓದುವವರು ಎರಡು ಬೇರೆ ಕಾಗದ ಅಂತ ತಿಳಿಯುತ್ತಾರೆ.

ಬರೆದಿದ್ದನ್ನು ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದವರ ಕೈಗೆ ಕೊಟ್ಟು ಸುಮ್ಮನೆ ಕೂತು ನೋಡಿ. ಅವರು ನಿಂತ ಕಡೆ ನಿಮ್ಮ ಬರಹ ಸೋತಿದೆ. ಗೂಗಲ್‌ನ ಟೆಕ್ನಿಕಲ್ ರೈಟಿಂಗ್ ಪಾಠಗಳು ಉಚಿತ. ಆಮೇಲೆ ಮಾರ್ಕ್‌ಡೌನ್ (ಸರಳ ಚಿಹ್ನೆಗಳಿಂದ ಬರಹಕ್ಕೆ ವಿನ್ಯಾಸ ಕೊಡುವ ಬಗೆ), ಗಿಟ್ (ಕಡತದ ಪ್ರತಿ ಬದಲಾವಣೆಯನ್ನೂ ದಾಖಲಿಸುವ ತಂತ್ರಾಂಶ) ಕಲಿಯಿರಿ. ಇಷ್ಟು ಕೈಗೆ ಹತ್ತುವ ಮುಂಚೆ ದುಡ್ಡು ಕೊಟ್ಟು ಯಾವ ಕೋರ್ಸಿಗೂ ಸೇರಬೇಡಿ.

ತುಮಕೂರು_ಓದುಗ:
ತುಂಬಾ ಉಪಕಾರವಾಯ್ತು. ಪಿಯು ಉಪನ್ಯಾಸಕ ಹುದ್ದೆಯೇ ಗುರಿ ಅಂತಿಟ್ಟುಕೊಂಡರೆ ಮೊದಲು ಬಿ.ಎಡ್ಡೋ ಎಂಎನೋ?

ಕಪ್ಪುಹಲಗೆ:
ಮೊದಲು ಬಿ.ಎಡ್. ಅದು ಮುಗಿದ ಕೂಡಲೇ ಟಿಇಟಿ, ಪ್ರೌಢಶಾಲೆ ಎರಡೂ ತೆರೆದುಕೊಳ್ಳುತ್ತವೆ, ಖಾಸಗಿ ಶಾಲೆಯಲ್ಲಿ ಕೆಲಸವೂ ಸಿಗುತ್ತೆ. ಎಂಎಯನ್ನು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಲೇ ಮುಗಿಸಬಹುದು, ಆದರೆ ಶೇ 55 ದಾಟಲೇಬೇಕು. ಬಿ.ಎಡ್‌ಗೆ ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ 50 ಸಾಕು, ನಿಮ್ಮದು 58 ಇದೆ. ಅರ್ಜಿ ಕರೆಯುವ ಮೊದಲೇ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರ ತೆಗೆದಿಡಿ. ಕೊನೆಯ ಎರಡಕ್ಕೆ ನೀವು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಎರಡೂ ಬೇಕು. ಬೇಸಿಗೆ ರಜೆ ಶುರುವಾದರೆ ಶಾಲೆಯಲ್ಲಿ ಯಾರೂ ಸಿಗುವುದಿಲ್ಲ, ಈ ವಾರವೇ ಹೋಗಿ.